ಪಕ್ಕದ ಲೇನಿನ ಸದ್ದು

ರಾತ್ರಿ ಬಹಳ ಹೊತ್ತಾಗಿತ್ತು. ಪಕ್ಕದ ಮಂಚದಿಂದ ಸಣ್ಣದೊಂದು ಸದ್ದು ಬರುತ್ತಿತ್ತು. ಮರದ ಚೌಕಟ್ಟನ್ನು ಉಗುರಿನಿಂದ ತಟ್ಟುವ ಸದ್ದು. ಟಕ್ ಟಕ್ ಟಕ್, ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಮತ್ತೆ ಟಕ್ ಟಕ್ ಟಕ್.

ಬೇರೆ ಯಾರಾದರೂ ಆಗಿದ್ದರೆ ಇಲಿಯೋ ಹಲ್ಲಿಯೋ ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಅತ್ತಿಗೆಗೆ ಆ ಭಾಗ್ಯ ಇರಲಿಲ್ಲ. ಅದು ಹರ್ಡಲ್ಸ್ ಓಟದ ಲಯವೆಂದು ಅವಳ ಕಿವಿಗೆ ಗೊತ್ತಿತ್ತು. ಎರಡು ಹರ್ಡಲ್‌ಗಳ ನಡುವೆ ಮೂರು ಹೆಜ್ಜೆಯ ಸದ್ದು, ಹರ್ಡಲ್ ಮೇಲೆ ಹಾರುವಾಗ ಮೌನ. ಕತ್ತಲಲ್ಲಿ ಮಲಗಿಕೊಂಡೇ ನಾದಿನಿ ನಾಳೆಯ ಫೈನಲ್ ಓಡುತ್ತಿದ್ದಳು.

ಅತ್ತಿಗೆ ಉಸಿರು ಬಿಗಿಹಿಡಿದು ಕೇಳಿದಳು. ಮೊದಲು ಚೆನ್ನಾಗಿಯೇ ಇತ್ತು. ಮಳೆಹನಿ ಸೂರಿನಿಂದ ಬಿದ್ದಂತೆ ಒಂದೇ ಸಮ. ಏಳನೆಯ ಹರ್ಡಲ್ ದಾಟಿದ ಮೇಲೆ ಬೆರಳು ಎಡವಿತು. ಮೂರು ತಟ್ಟಿನ ಕೊನೆಯದು ಚೂರು ತಡವಾಯಿತು, ಎಂಟನೆಯದು ಹೇಗೋ ಏನೋ ಎಂಬಂತೆ ಬಿತ್ತು, ಆಮೇಲೆ ಸದ್ದೇ ನಿಂತಿತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಮೊದಲಿನಿಂದ ಶುರು. ಮತ್ತೆ ಅಲ್ಲೇ ಎಡವಿತು.

"ನಿದ್ದೆ ಬರ್ಲಿಲ್ವೇನೇ?"

ಸದ್ದು ಅಡಗಿತು. "ಬಂದಿದೆ ಅತ್ತಿಗೆ."

"ನಿದ್ದೆ ಬಂದೋರು ಉತ್ತರ ಕೊಡ್ತಾರಾ?"

"ಕನಸಲ್ಲಿ ಕೊಡ್ತಿದೀನಿ ಅಂದ್ಕೊಳ್ಳಿ." ನಾದಿನಿ ನಕ್ಕಳು. ಆದರೆ ಆ ನಗೆ ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಟಕ್ ಟಕ್ ಮತ್ತೆ ಕೇಳಿಸಿತು, ಈ ಸಲ ಹೊದಿಕೆಯ ಒಳಗಿನಿಂದ, ಮೆತ್ತಗೆ.

ಆ ಎಡವಟ್ಟಿಗೆ ಮದ್ದು ಏನೆಂದು ಅತ್ತಿಗೆಗೆ ಗೊತ್ತಿತ್ತು. ಮದ್ದು ಅಂದರೆ ಒಂದು ಮಾತು. ಅದನ್ನು ಈಗಲೇ ಎದ್ದು ಕೂತು ಹೇಳಬಹುದಿತ್ತು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಅತ್ತಿಗೆ ಎಂಬುದು ಅವಳ ಹೆಸರಲ್ಲ, ಆದರೆ ತರಬೇತಿ ಶಿಬಿರದಲ್ಲಿ ಎಲ್ಲರಿಗೂ ಅವಳು ಅತ್ತಿಗೆಯೇ. ನಾದಿನಿ ಕರೆಯುವುದನ್ನು ಕೇಳಿ ಕೇಳಿ ಉದ್ದಜಿಗಿತದ ಹುಡುಗಿಯರು, ಚಕ್ರ ಎಸೆಯುವ ದಾಂಡಿಗರು, ಬಟ್ಟೆ ಒಗೆಯುವವನು, ಕೊನೆಗೆ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ತಂಡದ ಮ್ಯಾನೇಜರ್ ಕೂಡ ಹಾಗೇ ಕರೆಯತೊಡಗಿದ್ದರು. ನೀರು ಸರಬರಾಜು ಕಚೇರಿಯಲ್ಲಿ, ಅವಳು ಕೆಲಸ ಮಾಡುವ ಕೌಂಟರಿನ ಹಿಂದೆ, ಗೋಡೆಗೆ ಅಂಟಿಸಿದ್ದ ಪತ್ರಿಕೆಯ ಚಿತ್ರದ ಕೆಳಗೂ ನಾದಿನಿಯ ಹೆಸರಿತ್ತು, ಪಕ್ಕದಲ್ಲಿ 'ಅತ್ತಿಗೆಯೊಂದಿಗೆ' ಎಂದಿತ್ತು. ಸಹೋದ್ಯೋಗಿಗಳು ಅದನ್ನು ಪ್ರೀತಿಯಿಂದಲೇ ಅಂಟಿಸಿದ್ದರು. ಅವಳೂ ನಕ್ಕಿದ್ದಳು. ಆ ಚಿತ್ರವನ್ನು ದಿನಾ ನೋಡುವವರಿಗೆ ನಗು ಎಷ್ಟು ದಿನ ಉಳಿದೀತು.

ಗಂಡ ಕೋಚ್. ಒಂದು ಕಾಲದಲ್ಲಿ ಅವನೂ ಹರ್ಡಲ್ಸ್ ಓಡುತ್ತಿದ್ದವನೇ. ಹಿಮ್ಮಡಿಯ ನರ ಹರಿದ ಮೇಲೆ ಓಟ ಬಿಟ್ಟು ಕೋಚಿನ ಸೀಟಿ ಹಿಡಿದ. ಮೊದಲು ಅವಳು ಅವನ ಶಿಷ್ಯೆ, ಆಮೇಲೆ ಹೆಂಡತಿ. ಮದುವೆಯಾಗಿ ಬಂದಾಗ ಅವನ ತಂಗಿ ಇನ್ನೂ ಶಾಲೆಯ ಹುಡುಗಿ. ಮನೆಯಲ್ಲಿದ್ದ ಬೆಂಚು, ಬಕೆಟ್ಟು, ಕಡೆಗೆ ನಡುಮನೆಯಲ್ಲಿ ಮಲಗಿದ್ದ ತಾತನನ್ನೂ ಬಿಡದೆ ಹಾರಿಕೊಂಡು ಓಡಾಡುತ್ತಿದ್ದಳು. ಅತ್ತೆ ಅವಳಿಗೆ ಮಿಡತೆ ಎಂದು ಹೆಸರಿಟ್ಟಿದ್ದರು. "ಇವಳಿಗೆ ಬಾಗಿಲು ಅಂತ ಒಂದಿದೆ ಅಂತಾನೇ ಗೊತ್ತಿಲ್ಲ, ಕಿಟಕಿಯಿಂದಾನೇ ಬರ್ತಾಳೆ" ಎನ್ನುತ್ತಿದ್ದರು. ಆ ಮಿಡತೆಯನ್ನು ಮೈದಾನಕ್ಕೆ ಬಾ ಎಂದು ಮೊದಲು ಕರೆದದ್ದು ಅತ್ತಿಗೆಯೇ.

ಲಯ ಕಲಿಸಲು ಗಂಡ ಮೊದಮೊದಲು ಬಕೆಟ್ ಬೋರಲು ಹಾಕಿಕೊಂಡು ಬಾರಿಸುತ್ತಿದ್ದ. ಅತ್ತಿಗೆಯ ಹೆಜ್ಜೆ ಹೊಲಿಗೆ ಯಂತ್ರದ ಹಾಗೆ, ಒಂದು ಟಾಕೂ ತಪ್ಪುತ್ತಿರಲಿಲ್ಲ. ಒಂದು ದಿನ ಅವನು ಅಂಗೈ ಉಜ್ಜಿಕೊಳ್ಳುತ್ತ, "ಬಾರಿಸಿ ಬಾರಿಸಿ ಕೈ ನೋಯ್ತು. ಇನ್ಮೇಲೆ ನೀನು ಅವಳ ಪಕ್ಕದ ಲೇನಲ್ಲಿ ಓಡು, ನೀನೇ ಬಕೆಟ್ ಆಗು" ಎಂದ. ಮೂವರೂ ನಕ್ಕರು. ಅಂದಿನಿಂದ ಅವಳು ವರ್ಷಗಟ್ಟಲೆ ಬಕೆಟ್ ಆದಳು.

ಮಿಡತೆಯ ವೇಗ ಬೆಳೆಯಿತು, ಒಂದು ಕಾಯಿಲೆಯೂ ಬೆಳೆಯಿತು. ಏಳನೆಯ ಹರ್ಡಲ್ ದಾಟಿ ಇಳಿಯುವಾಗ ಅವಳ ಕೈಗಳು ಸಡಿಲವಾಗಿ ರೆಕ್ಕೆಯ ಹಾಗೆ ಅಗಲ ಬಿಚ್ಚಿಕೊಳ್ಳುತ್ತಿದ್ದವು. ಓಟದಲ್ಲಿ ಕಾಲು ಕೈಯ ಮಾತು ಕೇಳುತ್ತದೆ. ಕೈ ಸೋಮಾರಿಯಾದರೆ ಕಾಲೂ ಸೋಮಾರಿ. ಎಂಟನೆಯದನ್ನು ಅವಳು ಒದ್ದು ಬೀಳಿಸುತ್ತಿದ್ದಳು, ಇಲ್ಲವೇ ತಾನೇ ಬೀಳುತ್ತಿದ್ದಳು. ಅದಕ್ಕೆ ಗಂಡ ಕಂಡುಹಿಡಿದ ಮದ್ದು ಒಂದೇ ಶಬ್ದ. ಅವಳು ಏಳನೆಯದರಿಂದ ಇಳಿಯುತ್ತಿದ್ದಂತೆ ಯಾರಾದರೂ 'ಕೈ' ಎಂದು ಕೂಗಬೇಕು. ದೂರದಲ್ಲಿ ನಿಂತು ಕೂಗಿದರೆ ಅದು ತಲುಪುವಷ್ಟರಲ್ಲಿ ಕೆಲಸ ಕೆಟ್ಟಿರುತ್ತಿತ್ತು. ಪಕ್ಕದಲ್ಲೇ ಓಡುವವರು ಕೂಗಬೇಕು. ಪಕ್ಕದಲ್ಲಿ ಓಡುತ್ತಿದ್ದವಳು ಅತ್ತಿಗೆ.

"ಪೂರ್ತಿ ವೇಗದಲ್ಲಿ ಕೂಗಿದ್ರೆ ನನ್ನ ಉಸಿರು ಹೋಗುತ್ತೆ ರೀ. ನಂದು ಕೆಡುತ್ತೆ" ಎಂದು ಅವಳು ಒಮ್ಮೆ ಹೇಳಿದ್ದಳು.

"ಕೆಟ್ರೆ ಕೆಡ್ಲಿ. ಅಭ್ಯಾಸ ತಾನೇ" ಎಂದಿದ್ದ ಅವನು, ವಾಚಿನಿಂದ ಕಣ್ಣೆತ್ತದೆ.

ಹೀಗೆ ಅದೆಷ್ಟು ಸಂಜೆ ಅವಳು ಕೂಗಿದಳೋ. ಕಳೆದ ಬೇಸಿಗೆಯ ಹೊತ್ತಿಗೆ ಮಿಡತೆಯ ಕೈ ತಾನಾಗಿಯೇ ಬಿಗಿಯಾಗಿ ನಿಂತಿತು. ಎಂಟನೆಯದರ ಕಥೆ ಮುಗಿಯಿತು ಎಂದು ಗಂಡ ಎಲ್ಲರಿಗೂ ಹೇಳಿಕೊಂಡು ಬಂದ. ಮುಗಿದಿಲ್ಲ ಎಂಬುದು ಈ ರಾತ್ರಿ, ಈ ಪರದೇಶದ ಹಾಸ್ಟೆಲಿನ ಕೋಣೆಯಲ್ಲಿ, ಒಂದು ಬೆರಳಿಗೆ ಮತ್ತು ಒಂದು ಕಿವಿಗೆ ಮಾತ್ರ ಗೊತ್ತಾಗಿತ್ತು.

ಊಟದ ಹಾಲ್‌ನಲ್ಲಿ ಮ್ಯಾನೇಜರ್ ಹಿಂದಿನ ದಿನವೇ ಸುತ್ತಿಬಳಸದೆ ಹೇಳಿದ್ದರು. ಈ ಖಂಡಮಟ್ಟದ ಕೂಟದಲ್ಲಿ ಮೊದಲ ಮೂರರೊಳಗೆ ಬಂದವರಿಗೆ ಶಿಬಿರ ಮುಂದುವರಿಯುತ್ತದೆ, ಉಳಿದವರು ಮನೆಗೆ. ಮಹಿಳೆಯರ ಹರ್ಡಲ್ಸ್‌ನಲ್ಲಿ ಮೊದಲ ಎರಡು ಸ್ಥಾನ ಯಾರಿಗೆಂದು ಮೈದಾನ ಗುಡಿಸುವವರಿಗೂ ಗೊತ್ತಿತ್ತು. ಒಬ್ಬಳು ಜಿರಾಫೆಯಂಥ ಎತ್ತರದ ಹುಡುಗಿ, ಇನ್ನೊಬ್ಬಳು ಕೆಂಪು ಹಣೆಪಟ್ಟಿಯವಳು. ಅವರ ಹಿಂದೆ ಉಳಿದದ್ದು ಪದಕದ ವೇದಿಕೆಯ ಒಂದು ಮೆಟ್ಟಿಲು. ಅದಕ್ಕೆ ಇಬ್ಬರು: ಅತ್ತಿಗೆ, ನಾದಿನಿ.

ನಾದಿನಿಗೆ ಇನ್ನೂ ಹತ್ತು ಕೂಟಗಳು ಬರುತ್ತವೆ. ಅತ್ತಿಗೆಗೆ ಇದು ಬಿಟ್ಟರೆ ಇಲ್ಲ. ಇದು ಮುಗಿದ ಮೇಲೆ ಪಕ್ಕದಲ್ಲಿ ನಿಂತು ಸ್ಟಾಪ್‌ವಾಚ್ ಹಿಡಿ ಎಂದು ಗಂಡ ಹೇಳಿಯಾಗಿತ್ತು. ತೊಟ್ಟಿಲಿನ ಮಾತನ್ನು ಅತ್ತೆ ಎತ್ತದೆ ಎತ್ತಿಯಾಗಿತ್ತು. ಪಕ್ಕದ ಮನೆಯ ಮಗುವನ್ನು ತಂದು ಇವಳ ತೊಡೆಯ ಮೇಲೆ ಮಲಗಿಸಿ ತಾವು ಒಳಗೆ ಹೋಗಿಬಿಡುತ್ತಿದ್ದರು. ಅವಳಿಗೆ ವಾಚೂ ಬೇಡವೆಂದಿರಲಿಲ್ಲ, ಮಗುವೂ ಬೇಡವೆಂದಿರಲಿಲ್ಲ. ಅದಕ್ಕೆ ಮುಂಚೆ ಒಂದೇ ಒಂದು ಸಲ ಆ ಮೆಟ್ಟಿಲ ಮೇಲೆ ನಿಂತು, ಮೈಕಿನಲ್ಲಿ ತನ್ನ ಹೆಸರು, ತನ್ನದೇ ಹೆಸರು, ಕೇಳಬೇಕಿತ್ತು.

ನಾಳೆ ಒಂದು ದಿನ ನಾನು ಬಕೆಟ್ ಅಲ್ಲ ಎಂದು ಅವಳು ಗೋಡೆಗೆ ಹೇಳಿದಳು. ಗೋಡೆ ಬೇಡವೆನ್ನಲಿಲ್ಲ.

ಬೆಳಿಗ್ಗೆ ತಿಂಡಿಯ ಮೇಜಿಗೆ ಗಂಡ ಲೇನ್‌ಗಳ ಸುದ್ದಿ ತಂದ. ಅವನ ಮುಖ ಅರಳಿತ್ತು. "ನೋಡಿ ಅದೃಷ್ಟ. ಇಬ್ಬರಿಗೂ ಅಕ್ಕಪಕ್ಕದ ಲೇನು."

"ಒಳ್ಳೇದಾಯ್ತು" ಎಂದರು ಮ್ಯಾನೇಜರ್, ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತ. "ಅತ್ತಿಗೆ ನಾದಿನಿ ಜಗಳಕ್ಕೆ ಮನೇಲೇ ಜಾಗ ಸಾಲ್ದು. ಇಲ್ಲಿ ನೋಡಿ, ಮಧ್ಯೆ ಬಿಳಿಗೆರೆ ಎಳೆದು ಕೊಟ್ಟಿದಾರೆ."

"ನಮ್ಮಲ್ಲಿ ಜಗಳ ಇಲ್ಲ ಸರ್" ಎಂದಳು ಮಿಡತೆ. "ಅತ್ತಿಗೆ ಬೈತಾರೆ, ನಾನು ಬೈಸಿಕೊಳ್ತೀನಿ. ಒಪ್ಪಂದ ಆಗಿದೆ." ಹೇಳಿದಳೇ ಹೊರತು ಅವಳ ತಟ್ಟೆಯಲ್ಲಿದ್ದ ಬ್ರೆಡ್ಡು ಹಾಗೇ ಇತ್ತು.

ಗಂಡ ತಂಗಿಯ ಕಡೆ ಕುರ್ಚಿ ಎಳೆದುಕೊಂಡು ಕೂತ. ಓಟದ ಗೆರೆಯ ಬ್ಲಾಕಿನಿಂದ ಏಳುವಾಗ ತಲೆ ತಗ್ಗಿರಲಿ, ಮೊದಲನೆಯದನ್ನು ಅವಸರದಲ್ಲಿ ಮುಟ್ಟಬೇಡ, ಕೆಂಪು ಪಟ್ಟಿಯವಳನ್ನು ನೋಡಲೇಬೇಡ. ಒಂದೊಂದನ್ನೂ ಮೇಜಿನ ಮೇಲೆ ಬೆರಳಿಟ್ಟು ಹೇಳಿದ. ಹೇಳಿ ಮುಗಿಸಿ ಎದ್ದು ನಿಂತ.

"ಮತ್ತೆ ನಂಗೆ?" ಎಂದಳು ಅತ್ತಿಗೆ.

"ನಿಂಗೇನು ಹೇಳೋದು. ನಿಂಗೆ ಗೊತ್ತಿಲ್ದೇ ಇರೋದು ಏನಿದೆ." ಅವನು ಅವಳ ಹೆಗಲು ತಟ್ಟಿದ, ಆಮೇಲೆ ದನಿ ಇಳಿಸಿ ಹೇಳಿದ, "ಅವಳ ಪಕ್ಕ ನೀನಿದ್ದೀಯಲ್ಲ, ನಂಗೆ ಅದೇ ಧೈರ್ಯ."

"ನನ್ನ ಪಕ್ಕ ಯಾರಿದಾರೆ?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಅವಳೇ. ಎಡಕ್ಕೆ ಅವಳು, ಬಲಕ್ಕೆ ಜಿರಾಫೆ. ಈಗ ಹೇಳಿದ್ನಲ್ಲ."

ಅವನು ಕೆಟ್ಟವನಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚುವ ಜಾತಿಯೂ ಅಲ್ಲ. ಬಹಳ ವರ್ಷದಿಂದ ಸರಿಯಾಗಿ ನಡೆಯುತ್ತಿರುವ ಗಡಿಯಾರಕ್ಕೆ ಯಾರೂ ಕೀಲಿ ಕೊಡುವುದಿಲ್ಲ, ಅಷ್ಟೇ. ಅವಳು ಎರಡು ಲೋಟ ನೀರು ಕುಡಿದು ಎದ್ದಳು.

ಓಟಕ್ಕೆ ಮುಂಚೆ ಓಟಗಾರ್ತಿಯರನ್ನು ಕೂರಿಸುವ ಕೋಣೆಗೆ ಕಿಟಕಿ ಇರಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೊಂದು ದೊಡ್ಡ ಗಡಿಯಾರ, ಸ್ಪೈಕ್ ಬೂಟಿನ ಮೊಳೆಗಳನ್ನು ಪರೀಕ್ಷಿಸುವ ಒಬ್ಬ ಹೆಂಗಸು. ನೋವಿನ ಮುಲಾಮಿನ ವಾಸನೆ. ಜಿರಾಫೆ ಕಣ್ಣು ಮುಚ್ಚಿ ಕೂತಿದ್ದಳು. ಕೆಂಪು ಪಟ್ಟಿಯವಳು ತೊಡೆಗೆ ತಾನೇ ಏಟು ಕೊಟ್ಟುಕೊಳ್ಳುತ್ತಿದ್ದಳು. ಅತ್ತಿಗೆ ತನ್ನ ಎದೆಯ ಮೇಲೆ ಪಿನ್ನು ಹಾಕಿದ್ದ ಬಟ್ಟೆಯನ್ನು ನೆಟ್ಟಗೆ ಮಾಡಿಕೊಂಡಳು. ಈ ಕೂಟದಲ್ಲಿ ಅಂಕಿಯ ಬದಲು ಹೆಸರು ಮುದ್ರಿಸಿದ್ದರು. ತಲೆಕೆಳಗಾಗಿ ಓದಿದರೂ ಅದು ಚೆನ್ನಾಗಿ ಕಾಣುತ್ತಿತ್ತು.

ಮಿಡತೆ ಪಕ್ಕದ ಕುರ್ಚಿಗೆ ಬಂದಳು.

"ಅತ್ತಿಗೆ."

"ಹೂಂ."

"ಎಂಟನೇದು..."

ಅತ್ತಿಗೆ ಬಗ್ಗಿ ಬೂಟಿನ ದಾರ ಬಿಚ್ಚಿದಳು. ಅದನ್ನು ಆಗಲೇ ಕಟ್ಟಿಯಾಗಿತ್ತು. ಬಿಚ್ಚಿ ಮತ್ತೆ ಕಟ್ಟಿದಳು. ಹುಡುಗಿ ಕಾಯುತ್ತಿರುವುದು ಅವಳ ಕಿವಿಯ ಹಿಂಭಾಗಕ್ಕೆ ಗೊತ್ತಾಗುತ್ತಿತ್ತು. ಕೈ ನೋಡ್ಕೊ ಎಂದರೆ ಮುಗಿಯಿತು. ಉಗುಳು ನುಂಗುವಷ್ಟು ಹೊತ್ತಿನ ಕೆಲಸ.

"ಎಂಟಾದ್ಮೇಲೆ ಒಂಬತ್ತು" ಎಂದಳು ಅತ್ತಿಗೆ. "ಶಾಲೇಲಿ ಕಲಿಸ್ಲಿಲ್ವಾ?"

ಮಿಡತೆ ನಗಲು ನೋಡಿದಳು. ಆಮೇಲೆ ಎದ್ದು ತನ್ನ ಕುರ್ಚಿಗೆ ಹೋದಳು. ತಪ್ಪೇನಿಲ್ಲ, ಓಟಗಾರ್ತಿಗೆ ಓಟಗಾರ್ತಿ ಪಾಠ ಹೇಳಬೇಕೆಂದು ಯಾವ ನಿಯಮದಲ್ಲೂ ಬರೆದಿಲ್ಲ ಎಂದು ಅತ್ತಿಗೆ ತನಗೇ ಹೇಳಿಕೊಂಡಳು. ದಾರದ ಗಂಟನ್ನು ಇನ್ನೊಮ್ಮೆ ಎಳೆದಳು.

ಬಾಗಿಲು ತೆರೆಯಿತು. ಹೊರಗಿನ ಬೆಳಕು, ಗದ್ದಲ ಒಟ್ಟಿಗೆ ಮೈಮೇಲೆ ಬಿದ್ದವು.

ಬ್ಲಾಕಿನ ಹಿಂದೆ ನಿಂತಾಗ ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕರೆದರು. ಅವಳದನ್ನು ಪರದೇಶದ ನಾಲಿಗೆ ಅರ್ಧಕ್ಕೆ ಮುರಿದು ಹೇಳಿತು. ಆದರೂ ಅದು ಅವಳದೇ. ಕೈಯೆತ್ತಿದಳು. ಗಂಡ ಓಟ ಶುರುವಾಗುವ ತುದಿಯ ಕಟ್ಟೆಯ ಮೇಲೆ, ಕೋಚ್‌ಗಳ ಸಾಲಿನಲ್ಲಿ, ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತಿದ್ದ.

ಗುಂಡಿನ ಸದ್ದಾಯಿತು.

ಆಮೇಲೆ ಯೋಚನೆ ಇರಲಿಲ್ಲ. ಮೊದಲನೆಯ ಹರ್ಡಲ್ ಅವಳ ಕಾಲಿನ ಕೆಳಗೆ ಬಂದು ಹೋಯಿತು, ಎರಡನೆಯದು, ಮೂರನೆಯದು. ಬಲಗಡೆ ಜಿರಾಫೆ ಒಂದು ಮೊಳ ಮುಂದೆ. ಆಚೆ ಕೆಂಪು ಪಟ್ಟಿ ಕಣ್ಣಂಚಿನಲ್ಲಿ ಹೊಳೆಯಿತು. ಎಡಗಡೆ ಮಿಡತೆಯ ಹೆಜ್ಜೆ. ಅದನ್ನು ಅವಳು ಕೇಳಬಾರದೆಂದುಕೊಂಡಿದ್ದಳು. ಆದರೆ ವರ್ಷಗಟ್ಟಲೆ ಕೇಳಿದ ಸದ್ದನ್ನು ಕಿವಿ ಹೇಗೆ ಕೇಳದೆ ಇರುತ್ತದೆ. ಇಬ್ಬರ ಹೆಜ್ಜೆಗಳೂ ಒಂದೇ ಉಸಿರಿನಲ್ಲಿ ಬೀಳುತ್ತಿದ್ದವು. ಐದನೆಯದರಲ್ಲಿ ಅತ್ತಿಗೆ ಕೂದಲೆಳೆ ಮುಂದಿದ್ದಳು. ಆರನೆಯದರಲ್ಲಿ ಅಂಗೈ ಅಗಲ ಮುಂದೆ. ಮೂರನೆಯ ಮೆಟ್ಟಿಲು ಅವಳ ಮೈಗೆ ಗೊತ್ತಾಯಿತು, ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ನೆಲ ಗೊತ್ತಾಗುವ ಹಾಗೆ.

ಏಳನೆಯದು.

ಎಡಗಡೆಯ ಸದ್ದು ಮುರಿಯಿತು. ಚೂರು, ಒಂದು ಉಗುರಿನಷ್ಟು. ರಾತ್ರಿ ಮಂಚದ ಚೌಕಟ್ಟಿನ ಮೇಲೆ ಎಡವಿದ್ದು ಇದೇ ಜಾಗದಲ್ಲಿ.

"ಕೈ."

ಯಾರೋ ಕೂಗಿದರು. ದನಿ ತನ್ನದೇ ಎಂದು ಅವಳಿಗೆ ಗೊತ್ತಾದದ್ದು ಎದೆಯಲ್ಲಿದ್ದ ಗಾಳಿಯೆಲ್ಲ ಅದರ ಹಿಂದೆ ಹೊರಟುಹೋದ ಮೇಲೆ. ಬಿಗಿಹಿಡಿದಿದ್ದ ಮೈ ಬಿಚ್ಚಿತು. ಎಂಟನೆಯದನ್ನು ಹೇಗೋ ದಾಟಿದಳು. ಒಂಬತ್ತನೆಯದರ ಮುಂದೆ ಹೆಜ್ಜೆ ಸಾಲದೆ ಎದೆ ಮೇಲೆದ್ದಿತು, ಹಿಂದಿನ ಕಾಲಿನ ಮೊಣಕಾಲು ಹಲಗೆಗೆ ಬಡಿಯಿತು. ಬೀಳಲಿಲ್ಲ. ಆದರೆ ಬೀಳದೆ ಇರಲು ಎರಡು ಕೈಯನ್ನೂ ಗಾಳಿಯಲ್ಲಿ ಚೆಲ್ಲಬೇಕಾಯಿತು. ಅಷ್ಟರಲ್ಲಿ ಎಡಗಡೆಯಿಂದ ಒಂದು ಮೈ, ಕೈಗಳನ್ನು ಪಕ್ಕೆಗೆ ಬಿಗಿಯಾಗಿ ಕಟ್ಟಿದಂತೆ ಇಟ್ಟುಕೊಂಡು, ಸರ್ರನೆ ಮುಂದೆ ಹೋಯಿತು.

ಗೆರೆ ದಾಟಿದ ಮೇಲೆ ಅವಳು ಬಗ್ಗಿ ನಿಂತು ನೆಲ ನೋಡಿದಳು. ದೊಡ್ಡ ಪರದೆಯ ಮೇಲೆ ಹೆಸರುಗಳು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಜಿರಾಫೆ, ಕೆಂಪು ಪಟ್ಟಿ, ಮಿಡತೆ. ನಾಲ್ಕನೆಯದು ಅವಳದು. ಅಲ್ಲೂ ಹೆಸರು ಸರಿಯಾಗಿಯೇ ಇತ್ತು.

ಮಿಡತೆ ಓಡಿಬಂದು ಅವಳ ಕೊರಳಿಗೆ ಜೋತುಬಿದ್ದಳು. ಬಿಕ್ಕುತ್ತಿದ್ದಳು. "ಅತ್ತಿಗೆ, ನಿಮ್ಮ ಕಾಲು, ನಿಮ್ಮ ಕಾಲಿಗೆ ಏನಾಯ್ತು."

"ಏನೂ ಆಗಿಲ್ಲ ಕಣೇ. ನಿಂತಿದೀನಲ್ಲ."

ಹೊರಗೆ ಹೋಗುವ ದಾರಿಯಲ್ಲಿ ಪತ್ರಕರ್ತರು ಕಂಬಿಗೆ ಆತುಕೊಂಡು ನಿಂತಿದ್ದರು. ತಮ್ಮ ದೇಶದ ಪತ್ರಕರ್ತೆಯೊಬ್ಬಳು ಮಿಡತೆಯ ಮುಂದೆ ಫೋನ್ ಹಿಡಿದಳು. ಅತ್ತಿಗೆ ಎರಡು ಹೆಜ್ಜೆ ಹಿಂದೆ ನಿಂತು ನೀರು ಕುಡಿಯುತ್ತಿದ್ದಳು.

"ಏಳನೇದರ ಹತ್ತಿರ ನಂಗೆ ಕೈ ಬಿಟ್ಟು ಹೋಯ್ತು ಅನ್ಸಿತ್ತು" ಎಂದಳು ಮಿಡತೆ. "ಆಗ ನಮ್ಮಣ್ಣನ ದನಿ ಕೇಳಿಸ್ತು. ಕಿವಿಯಲ್ಲೇ ಹೇಳಿದ ಹಾಗೆ. ಅದಿಲ್ದೇ ಇದ್ದಿದ್ರೆ ನಾನು ಬೀಳ್ತಿದ್ದೆ."

ಅತ್ತಿಗೆ ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದಳು.

ಪತ್ರಕರ್ತೆ ಅವಳ ಕಡೆಗೂ ತಿರುಗಿದಳು. "ನಾದಿನಿ ಪದಕ ಗೆದ್ದಿದ್ದು ನೋಡಿ ನಿಮಗೆ ಹೇಗನ್ನಿಸ್ತಿದೆ?"

"ಸಂತೋಷ" ಎಂದಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅರ್ಧ ನಿಜವನ್ನು ಕೇಳುವವರು ಯಾರೂ ಮತ್ತೆ ಕೆದಕುವುದಿಲ್ಲ.

ಕಟ್ಟೆಯ ಕೆಳಗಿನ ಕೋಣೆಯಲ್ಲಿ ತಂಡದ ಫಿಸಿಯೋ ಅವಳನ್ನು ಮೇಜಿನ ಮೇಲೆ ಮಲಗಿಸಿ ಮೊಣಕಾಲಿಗೆ ಮಂಜುಗಡ್ಡೆಯ ಚೀಲ ಕಟ್ಟಿದಳು. ಚರ್ಮ ತರಚಿ ಊದಿಕೊಂಡಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಮನೆಯಿಂದ ಅತ್ತೆಯ ಫೋನ್ ಬಂತು. ಹಿಂದಿನಿಂದ ನೆರೆಮನೆಯವರೆಲ್ಲ ಮಾತಾಡುತ್ತಿರುವುದು ಕೇಳಿಸುತ್ತಿತ್ತು.

"ನೋಡ್ದೆ ಕಣಮ್ಮ. ಟಿವಿ ಮುಂದೆ ನಿಂತೇ ಇದ್ದೆ, ಕೂರೋಕೇ ಆಗ್ಲಿಲ್ಲ." ಹಿಂದಿನ ಗದ್ದಲ ದೂರವಾಯಿತು, ಅತ್ತೆ ಒಳಕೋಣೆಗೆ ಬಂದಿರಬೇಕು. "ಕೈಗೆ ಬಂದ ತುತ್ತು ನಿಂಗೆ ಬಾಯಿಗೆ ಬರ್ಲಿಲ್ಲ."

"ಪರವಾಗಿಲ್ಲ ಬಿಡಿ ಅತ್ತೆ. ಮನೆಗೇ ಬಂತಲ್ಲ."

"ಅದು ಹಂಗಲ್ಲ. ಮನೆದು ಬೇರೆ, ನಿಂದು ಬೇರೆ." ಅತ್ತೆಯ ದನಿ ಒಡೆಯಿತು. "ನಾನೇನು ಕುರುಡಿ ಅಲ್ಲ. ಕಾಲಿಗೆ ನೀರು ತಾಗಿಸ್ಕೋಬೇಡ."

ಅವಳು ಇದನ್ನು ನಿರೀಕ್ಷಿಸಿರಲಿಲ್ಲ. ಫೋನನ್ನು ಎದೆಯ ಮೇಲಿಟ್ಟುಕೊಂಡು ಚಾವಣಿ ನೋಡುತ್ತ ಮಲಗಿದಳು. ಅಳು ಬರುವ ಹಾಗಾಗಿ ಬರಲಿಲ್ಲ.

ಗಂಡ ಬಂದ. ಕಣ್ಣು ಕೆಂಪಗಾಗಿತ್ತು, ಅಂಗಿಯ ತೋಳು ಒದ್ದೆಯಾಗಿತ್ತು. ಸ್ಟೂಲ್ ಎಳೆದುಕೊಂಡು ಕೂತು ಅವಳ ಪಾದದ ಮೇಲೆ ಕೈಯಿಟ್ಟ. ಫಿಸಿಯೋ ಬೇರೆ ಮೇಜಿಗೆ ಹೋದಳು.

"ನೋವಿದ್ಯಾ?"

"ಮಂಜುಗಡ್ಡೆ ಇದ್ಯಲ್ಲ. ಏನೂ ಗೊತ್ತಾಗ್ತಿಲ್ಲ."

ಅವನು ಮಂಜುಗಡ್ಡೆಯ ಚೀಲವನ್ನು ಸರಿಮಾಡಿದ. "ಅವಳು ಎಲ್ಲರ ಹತ್ರಾನೂ ಹೇಳ್ತಿದಾಳೆ, ಅಣ್ಣನ ದನಿ ಕೇಳಿಸ್ತು ಅಂತ. ನಾನು ಕೂಗಲೇ ಇಲ್ಲ. ನಾಲಿಗೆ ಒಣಗಿಹೋಗಿತ್ತು. ಕೂಗಿದ್ರೂ ಅಷ್ಟು ದೂರದಿಂದ ಎಲ್ಲಿ ಕೇಳುತ್ತೆ."

ಅವನು ಜೇಬಿನಿಂದ ಫೋನ್ ತೆಗೆದು ಅವಳ ಮುಖದ ಹತ್ತಿರ ಹಿಡಿದ. ಓಟದ ವಿಡಿಯೋ, ಎದುರಿನಿಂದ ತೆಗೆದದ್ದು. ಅವನು ಅದನ್ನು ಬೆರಳಿನಿಂದ ಹಿಂದೆ ಮುಂದೆ ಎಳೆದು ಏಳನೆಯ ಹರ್ಡಲ್ ಹತ್ತಿರ ನಿಲ್ಲಿಸಿದ. ಪರದೆಯ ಮೇಲೆ ಅವಳ ಬಾಯಿ ಅಗಲ ತೆರೆದಿತ್ತು.

"ಇದೇನು?"

"ಏನು?"

"ಬಾಯಿ. ನೀನು ಓಡುವಾಗ ಬಾಯಿ ತೆರೆಯೋಳಲ್ಲ. ಇಷ್ಟು ವರ್ಷದಲ್ಲಿ ಒಂದು ಓಟದಲ್ಲೂ ನೋಡಿಲ್ಲ ನಾನು."

ಸ್ಪರ್ಧೆಯ ಓಟದಲ್ಲಿ ಮಾತ್ರ, ಎಂದು ಅವಳು ಮನಸ್ಸಿನಲ್ಲೇ ತಿದ್ದಿದಳು. ಅಭ್ಯಾಸದಲ್ಲಿ ನೋಡಿದ್ದೀರಿ. ದಿನಾ ನೋಡಿದ್ದೀರಿ. ಅವನ ಕಣ್ಣು ಅವಳ ಮುಖದ ಮೇಲೆ ನೆಟ್ಟಿತ್ತು. ಆ ಕಣ್ಣಿನಲ್ಲಿ ಪ್ರಶ್ನೆಯೂ ಇತ್ತು, ಪ್ರಶ್ನೆಯ ಹಿಂದೆ ಭಯವೂ ಇತ್ತು. ಅವಳು ಹೂಂ ಎಂದರೆ ಏನಾಗುತ್ತದೆಂದು ಅವಳಿಗೆ ಸ್ಪಷ್ಟವಾಗಿ ಕಾಣಿಸಿತು. ಅವನು ಮೊದಲು ಅಳುತ್ತಾನೆ. ಆಮೇಲೆ ಮ್ಯಾನೇಜರಿಗೆ ಹೇಳುತ್ತಾನೆ, ಮ್ಯಾನೇಜರ್ ಪತ್ರಕರ್ತೆಗೆ ಹೇಳುತ್ತಾರೆ, ಕಚೇರಿಯ ಗೋಡೆಗೆ ಇನ್ನೊಂದು ಚಿತ್ರ ಬರುತ್ತದೆ. ನಾದಿನಿಗಾಗಿ ಪದಕ ಬಿಟ್ಟುಕೊಟ್ಟ ಅತ್ತಿಗೆ. ತ್ಯಾಗಮಯಿ.

"ಉಸಿರು" ಎಂದಳು. "ಉಸಿರು ಸಾಲ್ಲಿಲ್ಲ. ವಯಸ್ಸಾಯ್ತಲ್ಲ ರೀ."

ಅವನು ಫೋನನ್ನು ನೋಡಿದ, ಅವಳನ್ನು ನೋಡಿದ. ಬೆರಳು ಇನ್ನೂ ಪರದೆಯ ಮೇಲೇ ಇತ್ತು. ಆಮೇಲೆ ಅದನ್ನು ಆರಿಸಿ ಜೇಬಿಗೆ ಹಾಕಿಕೊಂಡ. "ಹಾಗಿರ್ಬೇಕು" ಎಂದ. ಎದ್ದು ಹೋಗುವಾಗ ಬಾಗಿಲ ಹತ್ತಿರ ಒಂದು ಸಲ ನಿಂತ, ತಿರುಗಲಿಲ್ಲ.

ಹಾಸ್ಟೆಲಿಗೆ ವಾಪಸಾಗುವ ಬಸ್ಸಿನಲ್ಲಿ ತಂಡದವರು ಹಾಡುತ್ತಿದ್ದರು. ಚಕ್ರ ಎಸೆಯುವವನು ಸೀಟಿನ ಬೆನ್ನನ್ನು ತಮಟೆ ಮಾಡಿಕೊಂಡಿದ್ದ. ಮಿಡತೆ ಕಿಟಕಿಯ ಬದಿಯ ಸೀಟನ್ನು ಅತ್ತಿಗೆಗೆ ಬಿಟ್ಟುಕೊಟ್ಟು, ಅವಳ ಊದಿದ ಕಾಲಿನ ಕೆಳಗೆ ತನ್ನ ಬ್ಯಾಗ್ ಇಟ್ಟಳು. ಪದಕವನ್ನು ಕೊರಳಿನಿಂದ ತೆಗೆದು ಅಂಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದಳು.

"ಹಾಕ್ಕೊಂಡು ನೋಡ್ತೀರಾ?"

"ಬೇಡ. ನಿಂಗೇ ಚೆನ್ನಾಗಿ ಕಾಣುತ್ತೆ."

ದೀಪದ ಕಂಬಗಳು ಒಂದೊಂದಾಗಿ ಹಿಂದೆ ಸರಿದವು. ಮಿಡತೆ ಹತ್ತಿರ ವಾಲಿ, ಬೇರೆಯವರಿಗೆ ಕೇಳಿಸದಂತೆ ಹೇಳಿದಳು, "ಅತ್ತಿಗೆ, ಅಣ್ಣ ಕೂಗಿಲ್ವಂತೆ."

"ಹೌದಾ."

"ಹಾಗಾದ್ರೆ ಯಾರು?"

"ಸ್ಟೇಡಿಯಂ ತುಂಬ ಜನ ಇದ್ರು. ಯಾರೋ ಕೂಗಿರ್ತಾರೆ."

"ನಮ್ಮ ಭಾಷೆಲಿ?"

ಅತ್ತಿಗೆ ಕಿಟಕಿಯ ಗಾಜನ್ನು ನೋಡಿದಳು. ಅದರಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು, ಅವಳದು ಅಸ್ಪಷ್ಟವಾಗಿ. ಹುಡುಗಿಯ ಕಣ್ಣುಗಳು ಗಾಜಿನಲ್ಲಿದ್ದ ಅವಳ ಮುಖದ ಮೇಲೇ ಇದ್ದವು. ಈಗ ಹೇಳಿದರೆ ಅವಳು ನಂಬುತ್ತಾಳೆ. ನಂಬಿ, ಜೀವಮಾನವಿಡೀ ಋಣ ಹೊರುತ್ತಾಳೆ. ಆ ಋಣಕ್ಕೆ ಬುಡವೇ ಇಲ್ಲವೆಂದು ಹೇಗೆ ಹೇಳುವುದು. ರಾತ್ರಿ ಗೋಡೆಯ ಕಡೆ ತಿರುಗಿ ಮಲಗಿದವಳು ನಾನು. ಎಂಟಾದ ಮೇಲೆ ಒಂಬತ್ತು ಎಂದವಳು ನಾನು. ನಿನಗೆ ಹೇಳಬಾರದೆಂದು ಗಟ್ಟಿಮನಸ್ಸು ಮಾಡಿದ್ದೆ, ನೀನು ಬಿದ್ದರೆ ಬೀಳು ಎಂದುಕೊಂಡಿದ್ದೆ. ಕೂಗಿದ್ದು ನಾನಲ್ಲ, ನನ್ನ ಬಾಯಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಹುಟ್ಟುಗುಣವೂ ಅಲ್ಲ ಇದು, ನಿಮ್ಮಣ್ಣ ಸಂಜೆ ಸಂಜೆ ತಿದ್ದಿ ಕೂರಿಸಿದ ಗುಣ. ಇದನ್ನು ಒಳ್ಳೆಯತನವೆಂದು ಹೊಗಳಿದರೆ ನನ್ನಿಂದ ತಡೆದುಕೊಳ್ಳಲಾಗದು. ಬಾಯಿತಪ್ಪೆಂದು ನಕ್ಕರೂ ತಡೆದುಕೊಳ್ಳಲಾಗದು.

ಒಂದು ಮಾತ್ರ ಅವಳಿಗೆ ತಿಳಿಯಲಿಲ್ಲ. ಆ ಒಂದು ಗಳಿಗೆಯಲ್ಲಿ ಬಾಯಿ ತನ್ನ ಮಾತು ಕೇಳಿದ್ದರೆ, ಹುಡುಗಿ ಬಿದ್ದಿದ್ದರೆ, ಈಗ ಇದೇ ಸೀಟಿನಲ್ಲಿ ಪದಕ ಹಿಡಿದುಕೊಂಡು ಅವಳು ಹೇಗೆ ಕೂತಿರುತ್ತಿದ್ದಳು.

"ಭಯ ಆದಾಗ ಎಲ್ಲರಿಗೂ ಅವರವರ ಭಾಷೆಯೇ ಕೇಳ್ಸೋದು ಕಣೇ" ಎಂದಳು.

ಮಿಡತೆ ಯೋಚಿಸಿದಳು. ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ತಲೆಯನ್ನು ಅತ್ತಿಗೆಯ ಹೆಗಲಿಗೆ ಆನಿಸಿದಳು, ಹಾಡಿನ ಗದ್ದಲದ ನಡುವೆಯೇ ನಿದ್ದೆ ಹೋದಳು. ಅವಳ ಬೆರಳುಗಳು ಪದಕದ ಮೇಲೆ ಅಲುಗಾಡದೆ ಮಲಗಿದ್ದವು.

ಮುಂದಿನ ವಾರ ಸಾಮಾನು ಕಟ್ಟಬೇಕು. ಶಿಬಿರದ ಕೋಣೆಯ ಗೋಡೆಯಿಂದ ಕ್ಯಾಲೆಂಡರ್ ಇಳಿಸಬೇಕು, ಕೌಂಟರಿಗೆ ಮರಳಬೇಕು. ಕೇಳುವವರು ಕೇಳುತ್ತಾರೆ, ಒಂಬತ್ತನೆಯದರಲ್ಲಿ ಏನಾಯಿತು ಎಂದು. ಕಾಲು ತಾಗಿತು ಎನ್ನಬಹುದು, ಅದು ಎಲ್ಲರೂ ನೋಡಿದ್ದೇ. ಎಂಟನೆಯದಕ್ಕೆ ಮುಂಚಿನದನ್ನು ಕೇಳುವವರು ಇಬ್ಬರೇ. ಅವರಿಬ್ಬರಿಗೂ ಉತ್ತರ ಕೊಟ್ಟಾಗಿತ್ತು.

ಗಂಡ ಎರಡು ಸೀಟು ಮುಂದೆ ಕೂತಿದ್ದ. ಹಾಡುತ್ತಿರಲಿಲ್ಲ. ಫೋನಿನ ಬೆಳಕು ಅವನ ಕೆನ್ನೆಯ ಮೇಲೆ ಬೀಳುತ್ತಿತ್ತು, ಆರುತ್ತಿತ್ತು, ಮತ್ತೆ ಬೀಳುತ್ತಿತ್ತು. ನೋಡಿದ್ದನ್ನೇ ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ನೋಡಲಿ. ವಿಡಿಯೋದಲ್ಲಿ ತೆರೆದ ಬಾಯಿ ಇತ್ತು, ದನಿ ಇರಲಿಲ್ಲ. ಅದನ್ನು ಸೇರಿಸುವವಳು ತಾನೊಬ್ಬಳೇ. ತಾನು ಸೇರಿಸುವುದಿಲ್ಲ, ಅವನಿಗೂ ಇಲ್ಲ, ಈ ಹುಡುಗಿಗೂ ಇಲ್ಲ, ಮನೆಯಲ್ಲಿ ಕಾಯುತ್ತಿರುವ ಅತ್ತೆಗೂ ಇಲ್ಲ, ಯಾರಿಗೂ ಇಲ್ಲ.

ಹೆಗಲು ಜೋಮು ಹಿಡಿಯುತ್ತಿತ್ತು. ಹುಡುಗಿಯ ತಲೆ ಜಾರದ ಹಾಗೆ ಅವಳು ಸ್ವಲ್ಪ ನೆಟ್ಟಗೆ ಕೂತಳು. ಕೂತ ಮೇಲೆ, ಇದೂ ಅದೇ ಅಭ್ಯಾಸವಲ್ಲವೇ ಎಂದು ಹೊಳೆದು, ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು.